ಮಿನಿ ಡಿವಿ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯಿತು: ದಾವಣಗೆರೆಯ ಒಂದು ಸ್ಟುಡಿಯೊದಲ್ಲಿ ನನ್ನ ಅನುಭವ

ಹಳೆಯ ವಿಡಿಯೊ ಕ್ಯಾಮೆರಾಗಳ ಪುಟ್ಟ ಡಿಜಿಟಲ್ ಟೇಪುಗಳಾದ ಮಿನಿ ಡಿವಿ ಕ್ಯಾಸೆಟ್‌ಗಳ ಕಥೆ ಮುಗಿಯಿತು ಎಂದು ದಾವಣಗೆರೆಯ ಮದುವೆ ವಿಡಿಯೊದವರೆಲ್ಲ ಷರಾ ಬರೆದಾಗಿತ್ತು. ‘ಎವಿ ವೈರ್ ಹಾಕಿ, ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಯಲ್ಲಿ ಎಳೆದು ಕೊಟ್ಟುಬಿಡಿ ಅಣ್ಣ, ಗಿರಾಕಿಗೆ ಏನು ಗೊತ್ತಾಗುತ್ತದೆ’ ಎಂದವರೇ ಹೆಚ್ಚು. ಗಿರಾಕಿಗೆ ಗೊತ್ತಾಗದಿರಬಹುದು, ನನಗೆ ಗೊತ್ತಾಗುತ್ತದೆ. ಟೇಪಿನಲ್ಲಿ ಇರುವುದೇ ಡಿಜಿಟಲ್. ಅದನ್ನು ಕ್ಯಾಮೆರಾ ಅನಲಾಗ್ ಮಾಡಿ ಹೊರಗೆ ಕೊಡುವುದು, ಡಬ್ಬಿ ಮತ್ತೆ ಡಿಜಿಟಲ್ ಮಾಡಿ ಒಳಗೆ ತೆಗೆದುಕೊಳ್ಳುವುದು, ನಡುವೆ ಮದುಮಗಳ ಕೆಂಪು ರೇಷ್ಮೆ ಸೀರೆಯ ಬಣ್ಣ ಪಕ್ಕದಲ್ಲಿ ನಿಂತವರ ಬಿಳಿ ಅಂಗಿಗೂ ಹರಡುವುದು. ಆ ಕೆಲಸಕ್ಕೆ ದುಡ್ಡು ಕೇಳಲು ನನಗೆ ಬಾಯಿ ಬರಲಿಲ್ಲ. ಇಳಿಸಿದರೆ ಫೈರ್‌ವೈರ್‌ನಲ್ಲೇ, ಅಂದರೆ ಟೇಪಿನ ಡಿಜಿಟಲ್ ಮಾಹಿತಿಯನ್ನು ಇದ್ದಂತೆಯೇ ಕಂಪ್ಯೂಟರಿಗೆ ಸಾಗಿಸುವ ಕೇಬಲ್ಲಿನಲ್ಲೇ, ಇಳಿಸುವುದು ಎಂದು ಹಟ ಹಿಡಿದೆ. ಇಲ್ಲಿಯವರೆಗೆ ಇನ್ನೂರರ ಆಸುಪಾಸಿನಷ್ಟು ಕ್ಯಾಸೆಟ್ ಇಳಿಸಿದ್ದೇನೆ. ಅಂದು ನಕ್ಕವರಲ್ಲಿ ಒಬ್ಬಿಬ್ಬರು ಈಗ ತಮ್ಮ ಗಿರಾಕಿಗಳ ಚೀಲವನ್ನೇ ನನ್ನ ಅಂಗಡಿಗೆ ಕಳುಹಿಸುತ್ತಿದ್ದಾರೆ.

ಕ್ಯಾಮೆರಾದಲ್ಲಿ ಯುಎಸ್‌ಬಿ ಕಿಂಡಿ ಇದೆಯಲ್ಲ ಎಂದು ಇನ್ನೂ ಕೇಳುವವರಿದ್ದಾರೆ. ಬಹುತೇಕ ಮಾಡೆಲ್‌ಗಳಲ್ಲಿ ಅದು ಮೆಮೊರಿ ಕಾರ್ಡಿನ ಫೋಟೊಗಳಿಗೆ ಇರುವುದು. ಕೆಲವು ಮಾಡೆಲ್‌ಗಳಲ್ಲಿ ವಿಡಿಯೊ ಬಂದರೂ ಅಂಚೆಚೀಟಿ ಗಾತ್ರದ್ದು. ಪೂರ್ತಿ ಡಿವಿ ಹರಿವು, ಅಂದರೆ ಸೆಕೆಂಡಿಗೆ 25 ಮೆಗಾಬಿಟ್, 720×576 ಪಿಕ್ಸೆಲ್, ಬರುವುದು ಡಿವಿ ಅಥವಾ ಐ-ಲಿಂಕ್ ಎಂದು ಬರೆದಿರುವ ಆ ಪುಟ್ಟ ನಾಲ್ಕು ಪಿನ್ನಿನ ಫೈರ್‌ವೈರ್ ಕಿಂಡಿಯಿಂದಲೇ, ಬೆರಳೆಣಿಕೆಯ ಮಾಡೆಲ್‌ಗಳನ್ನು ಬಿಟ್ಟರೆ. ಫೈರ್‌ವೈರ್‌ನಿಂದ ಯುಎಸ್‌ಬಿಗೆ ಎಂದು ಇನ್ನೂರು ರೂಪಾಯಿಯೊಳಗೆ ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಅಡಾಪ್ಟರ್‌ಗಳಿಗೂ ಮರುಳಾಗಬೇಡಿ. ನಾನು ತರಿಸಿದ್ದನ್ನು ಬಿಚ್ಚಿ ನೋಡಿದೆ. ಒಳಗೆ ಚಿಪ್ ಎಂಬುದೇ ಇಲ್ಲ, ಈ ಕಡೆಯ ತಂತಿಯನ್ನು ಆ ಕಡೆಗೆ ಬೆಸೆದಿದ್ದಾರೆ ಅಷ್ಟೇ. ಎರಡು ಪದ್ಧತಿಗಳ ಭಾಷೆಯೇ ಬೇರೆಯಾಗಿರುವಾಗ ತಂತಿ ಜೋಡಿಸಿ ಏನು ಪ್ರಯೋಜನ?

ಕಂಪ್ಯೂಟರಿಗೆ ಫೈರ್‌ವೈರ್ ಕಿಂಡಿ ಕೊಡುವ ಕಾರ್ಡಿನ ವಿಷಯದಲ್ಲಿ ದುಡ್ಡು ಹೋಯಿತು. ಮೊದಲು ತಂದದ್ದು ಹಳೆಯ ಪಿಸಿಐ ಕಾರ್ಡ್, ಆರುನೂರೋ ಏಳುನೂರೋ ಕೊಟ್ಟ ನೆನಪು. ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಫ್ರೇಮ್, ಅಂದರೆ ವಿಡಿಯೊದ ಬಿಡಿ ಚಿತ್ರಗಳನ್ನು, ಉದುರಿಸತೊಡಗಿತು. ಎರಡನೆಯದು ಅದೇ ಬೆಲೆಯದು, ಅದೇ ಜಾತಿಯದು. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ತಂದೆ, ಎರಡು ಸಾವಿರದ ಮೇಲೆ ಬಿತ್ತು. ಡಬ್ಬಿಯ ಮೇಲಿನ ಹೆಸರು ನೋಡಬೇಡಿ, ಕಾರ್ಡಿನ ಮೇಲೆ ಕೂತ ಚಿಪ್ಪಿನ ಅಕ್ಷರ ಓದಿ. ಕಂಪ್ಯೂಟರಿಗೆ ಹೊಸದಾಗಿ ಖರ್ಚು ಮಾಡಲಿಲ್ಲ, ಅಂಗಡಿಯ ಮೂಲೆಯಲ್ಲಿದ್ದ ಕೋರ್ 2 ಡ್ಯುಯೊ ಸಾಕಾಯಿತು. ಡಿವಿ ಇಳಿಸುವಾಗ ಕಂಪ್ಯೂಟರ್ ಮಾಡುವುದು ನಕಲು ಮಾತ್ರ, ಲೆಕ್ಕ ಹಾಕುವ ಕೆಲಸವಿಲ್ಲ.

ಡ್ರೈವರ್ ಬಗ್ಗೆ ಎರಡೇ ಮಾತು. ವಿಂಡೋಸ್ 7ರಲ್ಲಿ ಡಿವೈಸ್ ಮ್ಯಾನೇಜರ್‌ಗೆ ಹೋಗಿ 1394 (ಫೈರ್‌ವೈರ್‌ನದೇ ಇನ್ನೊಂದು ಹೆಸರು) ಕಂಟ್ರೋಲರ್‌ನ ಡ್ರೈವರನ್ನು ಹೆಸರಿನ ಕೊನೆಯಲ್ಲಿ ‘ಲೆಗಸಿ’ ಎಂದಿರುವುದಕ್ಕೆ ಬದಲಿಸಿ. ಆಮೇಲೆ ಕ್ಯಾಮೆರಾವನ್ನು ಪ್ಲೇ ಸ್ಥಿತಿಗೆ ತನ್ನಿ. ರೆಕಾರ್ಡಿಂಗ್ ಸ್ಥಿತಿಯಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಾನೇ ಮಲಗಿಬಿಡುತ್ತದೆ, ನೀವು ಕೇಬಲ್ ಅನ್ನು ಬೈಯುತ್ತಾ ಕೂರುತ್ತೀರಿ.

ಇಷ್ಟಾದರೂ ಕ್ಯಾಮೆರಾ ಒಮ್ಮೆ ಕಾಣಿಸುವುದು, ಒಮ್ಮೆ ಮಾಯವಾಗುವುದು ನಿಲ್ಲಲಿಲ್ಲ. ಕೇಬಲ್ ಬದಲಿಸಿದೆ, ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಕ್ಯಾಮೆರಾವೇ ಕೆಟ್ಟಿದೆ ಎಂದು ರಿಪೇರಿಯವನೊಬ್ಬ ಮೂರೂವರೆ ಸಾವಿರದ ಬೋರ್ಡು ಬದಲಿಸಬೇಕೆಂದ. ಅನುಮಾನ ಬಂದು ಕಾದು ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು: ಪಕ್ಕದ ಅಂಗಡಿಯ ಫ್ರಿಡ್ಜ್ ಸದ್ದು ಮಾಡಿ ಶುರುವಾದಾಗೆಲ್ಲ ನನ್ನ ಸಂಪರ್ಕ ಕಡಿಯುತ್ತಿತ್ತು. ಟೆಸ್ಟರ್ ತಂದು ಕಂಪ್ಯೂಟರ್ ಕ್ಯಾಬಿನೆಟ್ಟಿಗೆ ಮುಟ್ಟಿಸಿದರೆ ದೀಪ ಹತ್ತಿತು. ಮೀಟರಿನಲ್ಲಿ ನೂರು ವೋಲ್ಟಿನ ಹತ್ತಿರ.

ಇದರಲ್ಲಿ ಮಾಯೆ ಏನೂ ಇಲ್ಲ. ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಯ ಒಳಗೆ ಫಿಲ್ಟರ್ ಕೆಪ್ಯಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕ್ಯಾಬಿನೆಟ್ಟಿಗೆ ಸೇರಿರುತ್ತವೆ. ಅರ್ಥಿಂಗ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಕ್ಯಾಬಿನೆಟ್ ಮೈಮೇಲೆ ಮೇನ್ಸ್‌ನ ಅರ್ಧದಷ್ಟು ವೋಲ್ಟೇಜ್ ನಿಲ್ಲುತ್ತದೆ. ಕರೆಂಟು ತೀರಾ ಸಣ್ಣದು, ಕೈಗೆ ಜುಮ್ಮೆನ್ನುತ್ತದೆ ಅಷ್ಟೇ. ಆದರೆ ಕ್ಯಾಮೆರಾದ ಡಿವಿ ಪೋರ್ಟಿಗೆ ಅಷ್ಟೇ ಸಾಕು. ಎಲೆಕ್ಟ್ರಿಷಿಯನ್ ಬಂದು ಫೇಸ್‌ಗೂ ಅರ್ಥ್‌ಗೂ ನಡುವೆ ನೂರು ವ್ಯಾಟ್ ಬಲ್ಬು ಹಿಡಿದ, ಉರಿಯಲೇ ಇಲ್ಲ. ಮೂರು ಪಿನ್ನಿನ ಸಾಕೆಟ್ಟುಗಳು ಗೋಡೆಯ ಅಲಂಕಾರಕ್ಕೆ ಇದ್ದವು. ಹಿತ್ತಲಲ್ಲಿ ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಉಪ್ಪು ಇದ್ದಿಲು ತುಂಬಿಸಿ, ತಂತಿ ಎಳೆಸಿದೆ. ಕೂಲಿ, ಸಾಮಾನು ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ಅಂದಿನಿಂದ ಸಂಪರ್ಕ ಕಡಿದದ್ದಿಲ್ಲ. ಬೇಸಿಗೆಯಲ್ಲಿ ಗುಂಡಿ ಒಣಗದಂತೆ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಸುರಿಯುತ್ತೇನೆ. ದಾವಣಗೆರೆಯ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗೆ ಇರುವ ಮಿತ್ರರು ಕಾರ್ಡ್ ಕೊಳ್ಳುವ ಮೊದಲು ಬಲ್ಬು ಹಿಡಿದು ನೋಡಿ. ಅರ್ಥಿಂಗ್ ಆಗುವವರೆಗೆ ಕ್ಯಾಮೆರಾವನ್ನು ಬ್ಯಾಟರಿಯ ಮೇಲೆ ಓಡಿಸಿ, ಎರಡನ್ನೂ ಆಫ್ ಮಾಡಿಯೇ ಕೇಬಲ್ ಚುಚ್ಚಿ. ಕಾರ್ಡಿನ ಕಡೆಯ ಆರು ಪಿನ್ನಿನ ಪ್ಲಗ್ಗನ್ನು ಬಲವಂತವಾಗಿ ಉಲ್ಟಾ ತುರುಕಿದರಂತೂ ಪವರ್ ಪಿನ್ನಿನ ಹನ್ನೆರಡು ವೋಲ್ಟ್ ನೇರವಾಗಿ ಡೇಟಾ ತಂತಿಗೆ ಹೋಗುತ್ತದೆ, ಅಲ್ಲಿಗೆ ಕ್ಯಾಮೆರಾದ ಪೋರ್ಟಿಗೆ ತಿಲತರ್ಪಣ.

ಎರಡನೆಯ ಕ್ಯಾಮೆರಾ ಸಿಕ್ಕಿದ್ದು ಚಿತ್ರದುರ್ಗದಲ್ಲಿ, ಅಂಗಡಿ ಮುಚ್ಚಿದ ಹಿರಿಯ ಛಾಯಾಗ್ರಾಹಕರೊಬ್ಬರಿಂದ. ಐದು ಸಾವಿರ ಹೇಳಿದರು, ನಾಲ್ಕಕ್ಕೆ ಒಪ್ಪಿದರು. ‘ಕಪಾಟಿನಲ್ಲಿ ಧೂಳು ಹಿಡಿಯುವುದಕ್ಕಿಂತ ನೀನು ತೆಗೆದುಕೊಂಡು ಹೋಗಪ್ಪ’ ಎಂದು ಕ್ಲೀನಿಂಗ್ ಕ್ಯಾಸೆಟ್ ಪುಕ್ಕಟೆ ಕೊಟ್ಟರು. ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ಆ ಕ್ಲೀನಿಂಗ್ ಕ್ಯಾಸೆಟ್ಟೇ ಆಮೇಲೆ ಹೆಚ್ಚು ದುಡಿದದ್ದು. ನಮ್ಮಲ್ಲಿ ಬಳಸುವ ಪಾಲ್ ವಿಡಿಯೊ ಪದ್ಧತಿಯಲ್ಲಿ ಒಂದು ಫ್ರೇಮು ಟೇಪಿನ ಹನ್ನೆರಡು ಟ್ರ್ಯಾಕ್‌ಗಳಲ್ಲಿ, ಅಂದರೆ ಓರೆ ಗೆರೆಗಳಲ್ಲಿ, ಹಂಚಿ ಬರೆದಿರುತ್ತದೆ, ಕ್ಯಾಮೆರಾದೊಳಗಿನ ಎರಡು ಹೆಡ್‌ಗಳು ಅವನ್ನು ಸರದಿಯಂತೆ ಓದುತ್ತವೆ. ಒಂದು ಹೆಡ್ಡಿಗೆ ಕೊಳೆ ಮೆತ್ತಿದರೆ ಚಿತ್ರದಲ್ಲಿ ಪಟ್ಟೆ ಬಿಟ್ಟು ಪಟ್ಟೆ ಚೌಕಗಳು ಮೂಡುತ್ತವೆ. ಪಟ್ಟೆ ಕಂಡರೆ ಕೊಳೆ. ಚೌಕಗಳು ಎಲ್ಲೆಂದರಲ್ಲಿ ಚೆಲ್ಲಿದ್ದರೆ ಟೇಪಿನದೇ ದೋಷ. ಕ್ಲೀನಿಂಗ್ ಕ್ಯಾಸೆಟ್ ಹತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ, ಅದು ಹೆಡ್ಡನ್ನು ಉಜ್ಜುವ ಸಾಮಾನು.

ಟೇಪನ್ನು ನಿಧಾನವಾಗಿ ಓಡಿಸುವ ಎಲ್‌ಪಿ (ಲಾಂಗ್ ಪ್ಲೇ) ವೇಗದಲ್ಲಿ ತೊಂಬತ್ತು ನಿಮಿಷ ತುಂಬಿದ ಕ್ಯಾಸೆಟ್‌ಗಳು ಬಲು ತಂಟೆ. ಮಾಮೂಲಿ ವೇಗವಾದ ಎಸ್‌ಪಿಯಲ್ಲಿ 10 ಮೈಕ್ರಾನ್ ಅಗಲದ ಟ್ರ್ಯಾಕ್ ಎಲ್‌ಪಿಯಲ್ಲಿ 6.7ಕ್ಕೆ ಇಳಿಯುತ್ತದೆ, ಒಂದು ಕ್ಯಾಮೆರಾದಲ್ಲಿ ಬರೆದದ್ದನ್ನು ಇನ್ನೊಂದು ಓದಲು ತಡವರಿಸುತ್ತದೆ. ಟೇಪಿನ ಗೈಡನ್ನು ಕೂದಲೆಳೆಯಷ್ಟು ಸರಿಸಿ ಓದಿಸಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ಇಳಿಸಲು ವಿನ್‌ಡಿವಿ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ, ಉದುರಿದ ಫ್ರೇಮಿನ ಲೆಕ್ಕ ಎದುರಿಗೇ ತೋರಿಸುತ್ತದೆ. ಗಂಟೆಗೆ 13 ಜಿಬಿ ಬೇಕು. ಹಾರ್ಡ್ ಡಿಸ್ಕ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿದ್ದರೆ ಒಂದು ಫೈಲು 4 ಜಿಬಿಗೆ ಕಟ್ಟು, ಹದಿನೆಂಟು ನಿಮಿಷದ ಹೊತ್ತಿಗೆ ಆರತಕ್ಷತೆ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಎನ್‌ಟಿಎಫ್‌ಎಸ್ ಫಾರ್ಮ್ಯಾಟೇ ಸರಿ. ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಕೂಡ ಪ್ರಯೋಗಿಸಿದೆ. ಚಿತ್ರೀಕರಣ ನಿಂತು ಶುರುವಾದಲ್ಲೆಲ್ಲ ಫೈಲನ್ನು ತುಂಡು ಮಾಡಿ, ಹೆಸರಿಗೆ ದಿನಾಂಕ ಮತ್ತು ವೇಳೆಯನ್ನು ಸೇರಿಸುತ್ತದೆ. ಡಿವಿ ಟೇಪಿನೊಳಗೆ ಚಿತ್ರೀಕರಣದ ಗಡಿಯಾರವೂ ಅಡಗಿರುತ್ತದೆ, ಎವಿ ವೈರಿನಲ್ಲಿ ಎಳೆದರೆ ಅದು ಬರುವುದಿಲ್ಲ. ಹೀಗೆ ಇಳಿಸಿದ ಒಂದು ಮದುವೆಯಲ್ಲಿ ಲಗ್ನಪತ್ರಿಕೆಯ ಮುಹೂರ್ತ ಕಳೆದು ಇಪ್ಪತ್ತು ನಿಮಿಷದ ಮೇಲೆ ಮಾಂಗಲ್ಯಧಾರಣೆ ಆದದ್ದು ಬಯಲಾಯಿತು. ಮನೆಯ ಯಜಮಾನರು ‘ಆ ಫೈಲಿನ ಹೆಸರು ಬದಲಿಸಿಬಿಡಪ್ಪ’ ಎಂದರು.

ವಿಎಚ್‌ಎಸ್ ಮದುವೆಗಳನ್ನೂ ಇದೇ ದಾರಿಯಲ್ಲಿ ತಂದು ನೋಡಿದೆ. ವಿಸಿಆರ್‌ನ ಹಳದಿ ಕೆಂಪು ಬಿಳಿ ತಂತಿಗಳನ್ನು ಕ್ಯಾಮೆರಾದ ಎವಿ ಒಳದಾರಿಗೆ ಕೊಟ್ಟು, ಕ್ಯಾಮೆರಾದಿಂದ ಫೈರ್‌ವೈರ್ ಹೊರಗೆ. ಎಲ್ಲ ಕ್ಯಾಮೆರಾಗಳೂ ಇದಕ್ಕೆ ಒಪ್ಪುವುದಿಲ್ಲ, ಚಿತ್ರದುರ್ಗದ್ದು ಒಪ್ಪಿತು. ಬಣ್ಣ ಯುಎಸ್‌ಬಿ ಡಬ್ಬಿಗಿಂತ ಚೆನ್ನಾಗಿ ಬಂತು, ಧ್ವನಿ ತುಟಿಗೆ ಸರಿಯಾಗಿ ಕೂತಿತು. ಸವೆದ ಟೇಪುಗಳಲ್ಲಿ ಚಿತ್ರದ ಮೇಲಂಚು ಬಾಗುವುದು ಮಾತ್ರ ಹಾಗೆಯೇ ಉಳಿಯಿತು.

ಕ್ಯಾಸೆಟ್ಟಿಗೆ ಮುನ್ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ, ಎಲ್‌ಪಿ ಆದರೆ ಐನೂರು. ಒಟ್ಟು ಖರ್ಚು ಹದಿಮೂರು ಹದಿನಾಲ್ಕು ಸಾವಿರ ಆಗಿರಬೇಕು, ಯಾವತ್ತೋ ವಾಪಸ್ ಬಂತು. ಗಿರಾಕಿಗೆ ಎಂಪಿ4 ಜೊತೆಗೆ ಮೂಲ ಡಿವಿ ಫೈಲನ್ನೂ ಕೊಡುತ್ತೇನೆ, ಪೆನ್‌ಡ್ರೈವ್ ಅವರದೇ. ಎಚ್‌ಡಿವಿ, ಅಂದರೆ ಅದೇ ಟೇಪಿನಲ್ಲಿ ಎಚ್‌ಡಿ ಚಿತ್ರ ಬರೆದ, ಕ್ಯಾಸೆಟ್ ತರುವವರು ಕ್ಯಾಮೆರಾವನ್ನೂ ತನ್ನಿ, ನನ್ನ ಎರಡೂ ಕ್ಯಾಮೆರಾಗಳು ಅದನ್ನು ಓದುವುದಿಲ್ಲ.