ಬೆಂಡ್ ಆಗದ ಡಿಸ್ಕ್‌ಗೆ ಎರಡು ಸಲ ದಂಡ ಕಟ್ಟಿದೆ

ಬ್ರೇಕ್ ಒತ್ತಿದಾಗ ಬರುತ್ತಿದ್ದ ನಡುಕವನ್ನು ನಾನೇ ಸರಿಮಾಡಿ ಹತ್ತೊಂಬತ್ತು ಸಾವಿರ ಕಿಲೋಮೀಟರ್ ಆಯಿತು. ಈಗಲೂ ನೂರರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಅಲ್ಲಾಡುವುದಿಲ್ಲ. ಸುಮ್ನೆ ಎರಡು ಬೆರಳು ಇಟ್ಟುಕೊಂಡು ಒತ್ತುತ್ತೇನೆ, ಕಾರು ನೆಟ್ಟಗೆ ನಿಲ್ಲುತ್ತದೆ. ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ, ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಒತ್ತಿ ಕಾರು ನಿಲ್ಲಿಸುತ್ತವೆ) ಮಾತ್ರ ಅದೇ ಹಳೆಯದು. "ಬೆಂಡ್ ಆಗಿದೆ, ಗುಜರಿಗೆ ಹಾಕಿ" ಅಂತ ಮೂವರು ತೀರ್ಪು ಕೊಟ್ಟಿದ್ದ ಡಿಸ್ಕ್. ಸ್ವಲ್ಪ ಜಂಭ ಅನ್ನಿಸಿದರೂ ಪರವಾಗಿಲ್ಲ, ಬರೆಯಲೇಬೇಕು ಅನ್ನಿಸಿತು.

ಕಾರು ಎರಡು ಲೀಟರ್ ಟರ್ಬೊ ಹ್ಯಾಚ್‌ಬ್ಯಾಕ್. ಮುಂದಿನ ಚಕ್ರದ ಡ್ರೈವ್, ಮ್ಯಾನುಯಲ್ ಗೇರ್, ತೂಕ ಹತ್ತಿರ ಹತ್ತಿರ 1,350 ಕೆಜಿ. ಮುಂದೆ 312 ಮಿ.ಮೀ. ವೆಂಟಿಲೇಟೆಡ್ ಡಿಸ್ಕ್. ಇಂಥ ಕಾರಲ್ಲಿ ಮೂಗೇ ಭಾರ. ಬ್ರೇಕ್ ಒತ್ತಿದರೆ ಉಳಿದ ಭಾರವೂ ಮುಂದಕ್ಕೇ ಬಂದು ಕೂರುತ್ತದೆ. ಅಂದರೆ ಹೆಚ್ಚು ದುಡಿಯುವುದು ಮುಂದಿನ ಎರಡು ಡಿಸ್ಕ್. ನಿಮಗೆಲ್ಲ ಗೊತ್ತಿರುವುದೇ.

ನಡುಕ ಶುರುವಾಗಿದ್ದು ಸುಮಾರು 42 ಸಾವಿರ ಕಿ.ಮೀ. ಹೊತ್ತಿಗೆ. ಮೊದಮೊದಲು 110ರ ಮೇಲೆ ಮಾತ್ರ. ಆಮೇಲೆ 80ಕ್ಕೂ ಬಂತು. ಕೊನೆಗೆ ಪೆಡಲ್ ಕೂಡ ಪಾದವನ್ನು ತಳ್ಳತೊಡಗಿತು. ಗ್ಯಾರೇಜಿನವರು ಕಾರನ್ನು ಒಂದು ಸುತ್ತು ಓಡಿಸಿ ಬಂದು, "ಸಾರ್, ಡಿಸ್ಕ್ ಬೆಂಡ್. ಹೊಸದು ಹಾಕಿಬಿಡಿ" ಅಂದರು. ಹಾಕಿಸಿದೆ. ಎರಡು ಡಿಸ್ಕ್, ಒಂದು ಸೆಟ್ ಪ್ಯಾಡ್, ಮೇಲೆ ಕೂಲಿ. ಆ ದುಡ್ಡಿಗೆ ಎರಡು ಒಳ್ಳೆಯ ಟೈರ್ ಬರುತ್ತಿತ್ತು. ಆದರೂ ಕಾರು ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು, ಅದಕ್ಕೇ ಬೇಜಾರಾಗಲಿಲ್ಲ.

ನಾಲ್ಕು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ನಡುಕ ವಾಪಸ್.

ಎರಡನೇ ಸಲ ಡಿಸ್ಕನ್ನು ಲೇತ್‌ಗೆ (ತಿರುಗಿಸಿ ಲೋಹ ಕೊಯ್ಯುವ ಯಂತ್ರ) ಕೊಟ್ಟೆ. ಎರಡೂ ಕಡೆ ಸೇರಿಸಿ ಹತ್ತಿರ ಹತ್ತಿರ 0.3 ಮಿ.ಮೀ. ತೆಗೆದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಸ ಪ್ಯಾಡ್ ಬೇರೆ ಹಾಕಿದೆ. ಈ ಸಲ ಎರಡು ಸಾವಿರ ಕಿಲೋಮೀಟರೂ ಬಾಳಲಿಲ್ಲ. ಗೆಳೆಯನೊಬ್ಬ, "ಲೋ, ನಾಲ್ಕು ಪಿಸ್ಟನ್ ಕ್ಯಾಲಿಪರ್, ದೊಡ್ಡ ಡಿಸ್ಕ್ ಹಾಕು, ಕಥೆ ಮುಗೀತು" ಅಂದ. ಕ್ಯಾಲಿಪರ್ ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ. ಆ ಸೆಟ್ಟಿನ ಬೆಲೆ ಕೇಳಿದೆ. ಅಷ್ಟಕ್ಕೆ ಎರಡು ವರ್ಷದ ಸರ್ವಿಸ್ಸು, ಒಂದು ಸೆಟ್ ಟೈರು ಎಲ್ಲ ಮುಗಿಯುತ್ತದೆ. ಅಲ್ಲೇ ತಲೆ ಕೆಟ್ಟಿದ್ದು. ಎರಕದ ಕಬ್ಬಿಣದ ಅಷ್ಟು ದಪ್ಪದ ತಟ್ಟೆ ನಾಲ್ಕು ಸಾವಿರ ಕಿಲೋಮೀಟರಿಗೆ ಬಗ್ಗುತ್ತದಾ? ಅದೂ ಎರಡೆರಡು ಸಲ?

ಡಿಸ್ಕಿನ ಓಲಾಟ ತೋರಿಸುವ ಒಂದು ಡಯಲ್ ಗೇಜ್, ಅದರ ಮ್ಯಾಗ್ನೆಟ್ ಸ್ಟ್ಯಾಂಡ್, ದಪ್ಪ ಅಳೆಯುವ ಒಂದು ಮೈಕ್ರೋಮೀಟರ್ ಕೊಂಡೆ. ಮೂರೂ ಸೇರಿ ಒಂದು ಸೆಟ್ ಪ್ಯಾಡ್‌ಗಿಂತ ಕಡಿಮೆ ಬಿತ್ತು. ಈ ಇಡೀ ಕಥೆಯಲ್ಲಿ ನಾನು ಬುದ್ಧಿ ಇಟ್ಟು ಮಾಡಿದ ಖರ್ಚು ಅದೊಂದೇ.

ಚಕ್ರ ಬಿಚ್ಚಿದೆ. ಡಿಸ್ಕ್ ಸಡಿಲವಾಗಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಅದಕ್ಕೇ ಚಕ್ರದ ಬೋಲ್ಟ್‌ಗಳಿಗೆ ದಪ್ಪ ವಾಷರ್ ಕೊಟ್ಟು ಡಿಸ್ಕನ್ನು ಹಬ್‌ಗೆ (ಡಿಸ್ಕ್, ಚಕ್ರ ಎರಡೂ ಕೂರುವ ಮಧ್ಯದ ಭಾಗ) ಬಿಗಿದೆ. ಗೇಜಿನ ಮೊನೆಯನ್ನು ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಇಟ್ಟು ನಿಧಾನಕ್ಕೆ ತಿರುಗಿಸಿದೆ. ಮುಳ್ಳು ಅರ್ಧ ಸುತ್ತಿಗೆ ಮೇಲೆ ಹೋಯಿತು, ಇನ್ನರ್ಧ ಸುತ್ತಿಗೆ ಕೆಳಗೆ ಬಂತು. ಎಡಗಡೆ 0.11 ಮಿ.ಮೀ. ಬಲಗಡೆ 0.04. ಈ ಓಲಾಟ ಸಾಮಾನ್ಯವಾಗಿ 0.05ರ ಒಳಗಿರಬೇಕು. ಹಾಗಾದರೆ ಬೆಂಡೇ ಅಲ್ವಾ? ನನಗೂ ಒಂದು ನಿಮಿಷ ಹಾಗೇ ಅನ್ನಿಸಿತು. ಡಿಸ್ಕ್ ಕಳಚಿ ಹಬ್ಬಿನ ಮುಖ ನೋಡಿದೆ.

ತುಕ್ಕು. ಬೋಲ್ಟ್ ತೂತುಗಳ ಸುತ್ತ ಹಕ್ಕಳೆ ಕಟ್ಟಿತ್ತು. ಮಧ್ಯದ ಉಬ್ಬಿನ ಬುಡದಲ್ಲಿ ಇನ್ನೂ ದಪ್ಪ. ಉಗುರಲ್ಲಿ ಕೆರೆದರೆ ಎದ್ದು ಬರಲಿಲ್ಲ, ಸ್ಕ್ರೂಡ್ರೈವರ್ ಬೇಕಾಯಿತು. ಹೊಸ ಡಿಸ್ಕ್ ಹಾಕಿದವರು ಈ ತುಕ್ಕಿನ ಮೇಲೇ ಕೂರಿಸಿ ಬಿಗಿದಿದ್ದರು. ಹಬ್ಬಿನ ಹತ್ತಿರ ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಅದು ದುಪ್ಪಟ್ಟಾಗುತ್ತದೆ. ಡಿಸ್ಕ್ ಓರೆಯಾಗಿ ಕೂತಿದೆ ಅಷ್ಟೇ, ಬಗ್ಗಿಲ್ಲ.

ನಾಲ್ಕು ಸಾವಿರ ಕಿಲೋಮೀಟರ್ ಯಾಕೆ ಸುಮ್ಮನಿತ್ತು ಅನ್ನುವುದೂ ಆಗ ಹೊಳೆಯಿತು. ಓರೆ ಕೂತ ಡಿಸ್ಕ್ ಮೊದಲ ದಿನವೇ ನಡುಗುವುದಿಲ್ಲ. ಕ್ಯಾಲಿಪರ್ ತೇಲುತ್ತದೆ, ಓರೆಯ ಜೊತೆ ಹೊಂದಿಕೊಂಡು ಹೋಗುತ್ತದೆ. ಆದರೆ ಬ್ರೇಕ್ ಒತ್ತದೆ ಓಡಿಸುವಾಗಲೂ ಆ ಎತ್ತರದ ಜಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಒಂದು ಕಡೆ ಸವೆಯುತ್ತದೆ, ಇನ್ನೊಂದು ಕಡೆ ಪ್ಯಾಡಿನ ಪುಡಿ ಅಂಟುತ್ತದೆ. ಡಿಸ್ಕಿನ ದಪ್ಪ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ. ಕೈಗೆ ಬರುವ ನಡುಕ ಆ ದಪ್ಪದ ವ್ಯತ್ಯಾಸದ್ದು. ಮೈಕ್ರೋಮೀಟರಲ್ಲಿ ಎಂಟು ಕಡೆ ಅಳೆದೆ: 24.4 ಮಿ.ಮೀ. ಆಸುಪಾಸು, ಹೆಚ್ಚುಕಡಿಮೆ 0.02 ವ್ಯತ್ಯಾಸ. ಇಷ್ಟಕ್ಕೇ ಸ್ಟೀರಿಂಗ್ ಕುಣಿಯುತ್ತದೆ ಅಂದರೆ ನಂಬುವುದು ಕಷ್ಟ, ಆದರೆ ಕುಣಿಯುತ್ತದೆ. ಹೊಸದಾಗಿದ್ದಾಗ 25 ಇತ್ತು, 22ಕ್ಕೆ ಬಿಸಾಡಬೇಕು ಅಂತ ಡಿಸ್ಕಿನ ಮೇಲೇ ಬರೆದಿದೆ. ಜೀವ ಇನ್ನೂ ಬೇಕಾದಷ್ಟಿತ್ತು.

ಲೇತ್ ಯಾಕೆ ಉಳಿಸಲಿಲ್ಲ ಅನ್ನುವುದಕ್ಕೂ ಉತ್ತರ ಇದೇ. ಲೇತ್ ತನ್ನ ಸ್ಪಿಂಡಲ್ಲಿಗೆ (ತಾನು ಡಿಸ್ಕನ್ನು ತಿರುಗಿಸುವ ದಂಡಕ್ಕೆ) ನೆಟ್ಟಗೆ ಕೊಯ್ಯುತ್ತದೆ, ನನ್ನ ತುಕ್ಕು ಹಿಡಿದ ಹಬ್ಬಿಗಲ್ಲ.

ತಂತಿ ಬ್ರಷ್, ಉಪ್ಪುಕಾಗದ, ಒಂದು ಮಧ್ಯಾಹ್ನ. ಹಬ್ ಬೆಳ್ಳಗೆ ಹೊಳೆಯುವವರೆಗೆ ತಿಕ್ಕಿದೆ. ಡಿಸ್ಕಿನ ಒಳಮುಖವನ್ನೂ ಬಿಡಲಿಲ್ಲ. ಅಳತೆ 0.06ಕ್ಕೆ ಇಳಿಯಿತು. ಆಮೇಲೆ ಡಿಸ್ಕನ್ನು ಒಂದೊಂದೇ ಬೋಲ್ಟ್ ತೂತಿಗೆ ತಿರುಗಿಸಿ ಕೂರಿಸಿ ಮತ್ತೆ ಅಳೆದೆ. ಐದು ಬೋಲ್ಟ್, ಐದು ಅಳತೆ. ನಾಲ್ಕನೇ ಜಾಗದಲ್ಲಿ 0.03 ಸಿಕ್ಕಿತು. ಹಬ್ಬಿನ ಓರೆ, ಡಿಸ್ಕಿನ ಓರೆ ಒಂದನ್ನೊಂದು ಹೊಡೆದುಹಾಕುವ ಜಾಗ ಅದು. ಪೇಂಟಲ್ಲಿ ಗುರುತು ಹಾಕಿದೆ. ಡಿಸ್ಕ್ ಹಿಡಿಯಲು ಚಿಕ್ಕ ಸ್ಕ್ರೂ ಇರುವ ಕಾರುಗಳಲ್ಲಿ ಈ ಆಟ ನಡೆಯುವುದಿಲ್ಲ. ಅವರು ಮೊದಲು ಹಬ್ ಚೆನ್ನಾಗಿ ತಿಕ್ಕಬೇಕು.

ಇನ್ನು ಡಿಸ್ಕಿನ ಮೇಲ್ಮೈ. ಬಿಸಿಲಿಗೆ ಓರೆ ಹಿಡಿದು ನೋಡಿದರೆ ಪ್ಯಾಡಿನ ಆಕಾರದ್ದೇ ಒಂದು ನೀಲಿಗಪ್ಪು ಕಲೆ, ರಬ್ಬರ್ ಸ್ಟಾಂಪ್ ಒತ್ತಿದ ಹಾಗೆ. ಇದು ಯಾರದೋ ತಪ್ಪಲ್ಲ, ನನ್ನದೇ. ಘಟ್ಟ ಇಳಿದು, ಬ್ರೇಕ್ ಕೆಂಡವಾಗಿರುವಾಗ ಕಾರು ನಿಲ್ಲಿಸಿ, ಇಳಿಜಾರು ಅಂತ ಪೆಡಲ್ ಒತ್ತಿಕೊಂಡೇ ಕೂರುತ್ತಿದ್ದೆ. ಪ್ಯಾಡ್ ಅಲ್ಲೇ ಕರಗಿ ಅಂಟುತ್ತಿತ್ತು. ಉಪ್ಪುಕಾಗದ ಹಾಕಿ ಎರಡೂ ಮುಖ ಉಜ್ಜಿದೆ. ಯಾವ ಕಾಗದ, ಎಷ್ಟು ನಂಬರ್ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಾಲ್ಕು ಥರ ಹಾಳು ಮಾಡಿ ಕಂಡುಕೊಂಡದ್ದು. ಒಂದು ಮಾತು ಮಾತ್ರ ಹೇಳುತ್ತೇನೆ. ಕಲೆ ಇದ್ದ ಜಾಗ ಸುಮಾರು 650–700 ಡಿಗ್ರಿ ಕಂಡಿದ್ದರೆ ಅಲ್ಲಿನ ಕಬ್ಬಿಣವೇ ಗಟ್ಟಿಯಾಗಿ ಸಿಮೆಂಟೈಟ್ (ಕಬ್ಬಿಣ, ಇಂಗಾಲ ಸೇರಿದ ಗಡಸು ವಸ್ತು) ಆಗಿರುತ್ತದೆ. ಅದನ್ನು ಯಾವ ಕಾಗದವೂ ತೆಗೆಯುವುದಿಲ್ಲ, ಡಿಸ್ಕ್ ಬಿಸಾಡಿ.

ಚಕ್ರ ಹಾಕುವಾಗ ಟಾರ್ಕ್ ವ್ರೆಂಚ್. 120 ನ್ಯೂಟನ್ ಮೀಟರ್, ನಕ್ಷತ್ರದ ಕ್ರಮದಲ್ಲಿ, ಎರಡು ಹಂತದಲ್ಲಿ. ಗಾಳಿಯ ಗನ್ ಹಿಡಿದು ಟರ್ ಅಂತ ಬಿಗಿಯುವವರ ಹತ್ತಿರ ಈಗ ನಾನು ಪಂಕ್ಚರ್ ಕೂಡ ಹಾಕಿಸುವುದಿಲ್ಲ. ಹಾಕಿಸಿದರೂ ಮನೆಗೆ ಬಂದು ಸಡಿಲಿಸಿ ಮತ್ತೆ ಬಿಗಿಯುತ್ತೇನೆ.

ಬೆಡ್ಡಿಂಗ್, ಅಂದರೆ ಪದೇ ಪದೇ ಬ್ರೇಕ್ ಒತ್ತಿ ಪ್ಯಾಡು ಡಿಸ್ಕು ಒಂದಕ್ಕೊಂದು ಹೊಂದುವಂತೆ ಮಾಡುವ ಕೆಲಸ, ಮೊದಲ ಸಲ ಕೆಟ್ಟಿತು. ಬೆಳಗಿನ ಜಾವ ಖಾಲಿ ರಸ್ತೆ, ನೂರರಿಂದ ಇಪ್ಪತ್ತಕ್ಕೆ, ಎಬಿಎಸ್ (ಚಕ್ರ ಜಾಮ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಕೆಲಸ ಶುರು ಮಾಡುವುದಕ್ಕೆ ಸ್ವಲ್ಪ ಮುಂಚಿನ ಒತ್ತಡದಲ್ಲಿ, ನಿಲ್ಲಿಸದೆ. ಆರನೆಯದಕ್ಕೆ ವಾಸನೆ ಬಂತು, ಖುಷಿಯಾಯಿತು. ಏಳನೆಯದಕ್ಕೆ ಟ್ರಾಕ್ಟರ್ ಅಡ್ಡ ಬಂತು. ಪೂರ್ತಿ ನಿಂತೆ, ಪೆಡಲ್ ಒತ್ತಿಕೊಂಡು, ಅರ್ಧ ನಿಮಿಷ. ಮನೆಗೆ ಬಂದು ನೋಡಿದರೆ ಎರಡೂ ಡಿಸ್ಕ್ ಮೇಲೆ ಹೊಸ ಸ್ಟಾಂಪ್. ಮತ್ತೆ ಬಿಚ್ಚು, ಮತ್ತೆ ಉಜ್ಜು. ಮುಂದಿನ ವಾರ ಹತ್ತು ಸಲ ಒತ್ತಿ, ಹದಿನೈದು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ, ಆರಿಸಿ, ಇನ್ನೊಮ್ಮೆ ಅದೇ. ಎರಡನೇ ಸುತ್ತಿನ ಕೊನೆಯಲ್ಲಿ ಇನ್ನೊಂದು ಸಣ್ಣ ಕೆಲಸ ಮಾಡುತ್ತೇನೆ, ಅದನ್ನೂ ಹೇಳುವುದಿಲ್ಲ. ಡಿಸ್ಕ್ ಪೂರ್ತಿ ಒಂದೇ ಸಮನಾದ ಬೂದುನೀಲಿ ಬಣ್ಣಕ್ಕೆ ಬಂತು. ಅವತ್ತಿನಿಂದ ಇವತ್ತಿನವರೆಗೆ ನಡುಕ ಇಲ್ಲ.

ಈ ಮಧ್ಯೆ ಕೈ ಸುಮ್ಮನಿರಲಿಲ್ಲ. ಡಿಸ್ಕಿನ ಹಿಂದಿನ ತಗಡು ತೆಗೆದರೆ ಗಾಳಿ ಜಾಸ್ತಿ ಸಿಗುತ್ತದೆ ಅಂತ ಎಡಗಡೆ ಮಾತ್ರ ತೆಗೆದು ಓಡಿಸಿದೆ. ಇನ್‌ಫ್ರಾರೆಡ್ ಗನ್ನಲ್ಲಿ ಘಟ್ಟದ ಬುಡದಲ್ಲಿ ಬಲಗಡೆ 340 ಡಿಗ್ರಿ, ಎಡಗಡೆ 310ರ ಸುತ್ತ. ಹೊಳೆಯುವ ಡಿಸ್ಕಿನ ಮೇಲೆ ಈ ಗನ್ ಕಡಿಮೆ ತೋರಿಸುತ್ತದೆ, ಹಾಗಾಗಿ ಸಂಖ್ಯೆ ನಂಬಬೇಡಿ, ವ್ಯತ್ಯಾಸ ಮಾತ್ರ ನೋಡಿ. ಮೂವತ್ತು ಡಿಗ್ರಿ ಉಳಿತಾಯ ಅಂತ ಬೀಗುತ್ತಿದ್ದೆ. ಮೂರನೇ ದಿನ ಕಲ್ಲೊಂದು ಸಿಕ್ಕಿಕೊಂಡು ಊರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿತು. ತಗಡು ವಾಪಸ್ ಹಾಕಿದೆ.

ಸ್ಟೀಲ್ ಹೆಣಿಗೆಯ ಬ್ರೇಕ್ ಪೈಪ್ ಹಾಕಿದೆ. ಪೆಡಲ್ ಒಂಚೂರು ಗಟ್ಟಿಯಾಯಿತು, ನಡುಕಕ್ಕೆ ಏನೂ ಆಗಲಿಲ್ಲ, ದುಡ್ಡು ನೀರಿಗೆ. ಕ್ಯಾಲಿಪರ್ ಪಿನ್ನಿಗೆ ಕೈಗೆ ಸಿಕ್ಕಿದ ಸಾಮಾನ್ಯ ಗ್ರೀಸ್ ಹಚ್ಚಿದ್ದು ಇನ್ನೊಂದು ದಡ್ಡತನ. ಆರು ತಿಂಗಳಲ್ಲಿ ರಬ್ಬರ್ ಉಬ್ಬಿ ಪಿನ್ ಹಿಡಿದುಕೊಂಡಿತು, ಒಂದು ಪ್ಯಾಡ್ ಓರೆಯಾಗಿ ಸವೆದು ಹೋಯಿತು. ಅಲ್ಲಿಗೆ ಸಿಲಿಕೋನ್ ಗ್ರೀಸ್ ಬೇಕು. ಬ್ರೇಕ್ ಆಯಿಲ್ ಮಾತ್ರ ದುಡ್ಡಿಗೆ ತಕ್ಕ ಕೆಲಸ. ಡಾಟ್ 4 ಅನ್ನುವ ದರ್ಜೆಯ ಹೊಸ ಆಯಿಲ್ ಕುದಿಯುವುದು ಕಡಿಮೆಯೆಂದರೆ 230 ಡಿಗ್ರಿಗೆ. ತೇವ ಹೀರಿಕೊಂಡ ಮೇಲೆ ಅದರ ಮಿತಿ 155. ಆಯಿಲ್ ಕುದಿದು ಘಟ್ಟದ ಕೊನೆಯ ತಿರುವಲ್ಲಿ ಪೆಡಲ್ ಮೆತ್ತಗಾಗಿ ಕೆಳಗಿಳಿದ ಅನುಭವ ಒಂದು ಸಲ ಆದರೆ ಸಾಕು, ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ.

ತಿರುವಲ್ಲಿ ಪೆಡಲ್ ಮುಟ್ಟದಿದ್ದರೂ ಬ್ರೇಕ್ ಬಿಸಿಯಾಗುತ್ತದೆ ಅನ್ನುವುದು ಗನ್ ಹಿಡಿದ ಮೇಲೇ ನನಗೆ ಗೊತ್ತಾಗಿದ್ದು. ಒಳಗಿನ ಚಕ್ರ ಸುಮ್ಮನೆ ತಿರುಗದಿರಲಿ ಅಂತ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ (ಎರಡು ಚಕ್ರಗಳ ನಡುವೆ ಶಕ್ತಿ ಹಂಚಲು ಬ್ರೇಕ್ ಬಳಸುವ ವ್ಯವಸ್ಥೆ) ತಾನೇ ಅದರ ಬ್ರೇಕ್ ಹಿಡಿಯುತ್ತದೆ. ಬೇಗ ಗ್ಯಾಸ್ ಕೊಟ್ಟು ತಿರುವಿನಿಂದ ಹೊರಬರುವ ಚಟ ಇರುವವರಿಗೆ ಪ್ಯಾಡ್ ಯಾಕೆ ಬೇಗ ಮುಗಿಯುತ್ತದೆ ಅನ್ನುವುದಕ್ಕೆ ಇದೂ ಒಂದು ಕಾರಣ. ಡಿಸ್ಕಿನ ಮೇಲಿನ ಹೊರೆಯೂ ಈಗ ಜಾಸ್ತಿ. 1976ರ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಹ್ಯಾಚ್‌ಬ್ಯಾಕಿಗೆ 110 ಕುದುರೆ ಶಕ್ತಿ, ತೂಕ ಒಂಬೈನೂರು ಕೆಜಿಯ ಒಳಗೆ. ಇವತ್ತಿನ ನಮ್ಮ ಕಾರುಗಳಿಗೆ ಅದರ ಎರಡರಷ್ಟು ಶಕ್ತಿ, ಒಂದೂವರೆಯಷ್ಟು ತೂಕ. ನೂರರ ಬದಲು ನೂರನಲವತ್ತರಿಂದ ನಿಲ್ಲಿಸಿದರೆ ಡಿಸ್ಕ್ ನುಂಗಬೇಕಾದ ಬಿಸಿ ಹತ್ತಿರ ಹತ್ತಿರ ದುಪ್ಪಟ್ಟು.

ನಡುಕ ಹೋದ ಮೇಲೆ ಕಾರಿನ ಮಜಾನೇ ಬೇರೆ. ಮೊದಲು ತಿರುವಿನ ಒಳಗೆ ಬ್ರೇಕ್ ಎಳೆದುಕೊಂಡು ಹೋಗಲು ಭಯವಾಗುತ್ತಿತ್ತು. ಕೈಗೆ ಬರುವುದು ಟೈರಿನ ಮಾತೋ ಡಿಸ್ಕಿನ ನಡುಕವೋ ಗೊತ್ತಾಗುತ್ತಿರಲಿಲ್ಲ. ಈಗ ಪೆಡಲನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಮೂಗನ್ನು ಒಳಗೆ ತೂರಿಸಿದರೆ ಹಿಂದಿನ ಭಾಗ ಹಗುರಾಗಿ ತಾನೇ ಬಳುಕುತ್ತದೆ. ಹಿಂದೆ ಬಂದ ಗೆಳೆಯ ಒಂದು ತಿರುವಲ್ಲಿ ನನ್ನ ಒಳಗಿನ ಹಿಂದಿನ ಚಕ್ರ ನೆಲ ಬಿಟ್ಟಿತ್ತು ಅಂದ. ದೊಡ್ಡ ಕ್ಯಾಲಿಪರ್ ಹಾಕು ಅಂದವನೇ ಇವನು. ಇಳಿಯುವಾಗ ಈಗ ಎರಡನೇ ಗೇರಲ್ಲಿ ಎಂಜಿನ್ ಹಿಡಿತ ಬಿಡುವುದಿಲ್ಲ. ಬುಡಕ್ಕೆ ಬಂದ ಮೇಲೆ ಎರಡು ಕಿಲೋಮೀಟರ್ ಸುಮ್ನೆ ಉರುಳಿಸಿಯೇ ನಿಲ್ಲಿಸುವುದು, ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಬೇಡ, ಗೇರಲ್ಲಿ ಬಿಡುವುದು.

ಕಳೆದ ತಿಂಗಳು ಆ ಗೆಳೆಯನ ಕಾರೂ ಎಂಬತ್ತರಲ್ಲಿ ನಡುಗಲು ಶುರುಮಾಡಿತು. ಬಂದವನೇ, "ನಿನ್ನ ಆ ಮುಳ್ಳಿನ ಡಬ್ಬಿ ತಗೊಂಡು ಬಾ" ಅಂದ. ಎಡಗಡೆ ಚಕ್ರ ಬಿಚ್ಚಿ ಗೇಜ್ ಇಟ್ಟೆವು. 0.09. ಡಿಸ್ಕ್ ಕಳಚಿದಾಗ ಹಬ್ ತುಂಬ ಅದೇ ಹಕ್ಕಳೆ. ಭಾನುವಾರಕ್ಕೆ ಉಪ್ಪುಕಾಗದ ತರುವ ಕೆಲಸ ಅವನದು. ಯಾವ ನಂಬರ್ ಅಂತ ಕೇಳಿದ, ಇನ್ನೂ ಹೇಳಿಲ್ಲ.