ಬ್ರಿಟನ್ ಪೋಲ್ ನಂಬರ್ ಓದೋದು ಹೇಗೆ

ಪೋಲ್ (ಯಾರಿಗೆ ವೋಟು ಅಂತ ಜನರನ್ನ ಕೇಳೋ ಸಮೀಕ್ಷೆ) ಬಂದ ತಕ್ಷಣ ಯಾರು ಗೆಲ್ತಾರೆ ಅಂತ ಲೆಕ್ಕ ಹಾಕ್ಬೇಡಿ, ಮೊದಲು ಎಷ್ಟು ಜನರನ್ನ ಯಾವ ತಾರೀಖಲ್ಲಿ ಕೇಳಿದಾರೆ ನೋಡಿ, ಸಾವಿರ ಜನ ಅಂದ್ರೆ 3 ಪಾಯಿಂಟ್ ಆಚೆ ಈಚೆ ಆಗೋದು ಮಾಮೂಲು, ಹಾಗಾಗಿ ಲೇಬರ್ ಪಕ್ಷ 27% ಇದ್ದಿದ್ದು 28% ಆದ್ರೆ ಅದು ಅಲೆ ಅಲ್ವೇ ಅಲ್ಲ. ಅದೇ ಕಂಪನಿಯ ಹಳೇ ಪೋಲ್ ಜೊತೆ ಹೋಲಿಸಿ, ಆಮೇಲೆ ನಾಲ್ಕೈದು ಕಂಪನಿಗಳದ್ದು ಸರಾಸರಿ ತೆಗೀರಿ. 'ಇನ್ನೂ ಗೊತ್ತಿಲ್ಲ' ಅಂದೋರನ್ನ ಸಾಮಾನ್ಯವಾಗಿ ಬಿಟ್ಟೇ ಪರ್ಸೆಂಟ್ ಹಾಕ್ತಾರೆ, ಕಂಪನಿ ಹಾಕಿರೋ ಅಂಕಿಅಂಶದ ಟೇಬಲ್ ತೆರೆದು ಅದನ್ನೂ ನೋಡಿ.

ವೋಟನ್ನ ಸೀಟು ಅಂದ್ಕೋಬೇಡಿ: 2024ರ ಚುನಾವಣೇಲಿ ರಿಫಾರ್ಮ್ ಪಕ್ಷಕ್ಕೆ 14.3% ವೋಟಿಗೆ ಬರೀ 5 ಸೀಟು, ಲಿಬರಲ್ ಡೆಮಾಕ್ರಾಟ್‌ಗೆ 12.2%ಗೆ 72! ನಮ್ಮಲ್ಲಿನ ಹಾಗೇ ಕ್ಷೇತ್ರದಲ್ಲಿ ಮುಂದಿರೋರೇ ಗೆಲ್ಲೋದು ಅಲ್ವಾ. ಅಲ್ಲಿರೋ ಕನ್ನಡಿಗರೇ, ಇಂಡಿಯನ್ ಪಾಸ್‌ಪೋರ್ಟ್ ಇದ್ರೂ ನಿಮಗೂ ವೋಟಿದೆ, ದಯವಿಟ್ಟು ರಿಜಿಸ್ಟರ್ ಮಾಡ್ಕೊಳ್ಳಿ.