ಗ್ರಿಡ್ ಕೊನೆಗೂ ಹೇಳಿದ ಮಾತು ಕೇಳಿತು

ಪೋಡಿಯಂ (ಟವರ್‌ಗಳ ಕೆಳಗಿನ ಅಗಲ ಕಟ್ಟಡ) 4 ಮಹಡಿ, ಅದರ ಮೇಲೆ ಎರಡು ಟವರ್, ಒಂದೊಂದೂ 22 ಮಹಡಿ ಇರಬೇಕು. ಒಂದು ನೇರ, ಇನ್ನೊಂದು ಸುಮಾರು 15 ಡಿಗ್ರಿ ತಿರುಗಿದೆ. ಗ್ರಿಡ್ ಅಂದರೆ ಕಾಲಮ್‌ಗಳ ಜಾಗ ಗುರುತಿಸುವ ಗೆರೆಗಳು. ಟವರ್ ಗ್ರಿಡ್ ಬೇಸ್‌ಮೆಂಟ್ ಪ್ಲಾನ್‌ನಲ್ಲಿ ಬರಬಾರದು, ಪೋಡಿಯಂ ಗ್ರಿಡ್ ಮೇಲಿನ ಮಹಡಿಗಳಲ್ಲಿ ಬರಬಾರದು. ನಾವು ಕಟ್ಟಡ ಬಿಡಿಸುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಸ್ಕೋಪ್ ಬಾಕ್ಸ್‌ಗಳಿಂದಲೇ (ತಮಗೆ ಕಟ್ಟಿದ ಗ್ರಿಡ್ ಎಲ್ಲಿಯವರೆಗೆ ಹಾಯಬೇಕು ಅಂತ ಮಿತಿ ಹಾಕುವ ಪೆಟ್ಟಿಗೆಗಳು) ಇದನ್ನೆಲ್ಲ ಸಂಭಾಳಿಸುತ್ತೇನೆ ಅಂದಾಗ ಟೀಮಿನಲ್ಲಿ ಯಾರೂ ನಂಬಲಿಲ್ಲ. ‘ಸುಮ್ನೆ ಹೈಡ್ ಮಾಡಿ ಮುಗಿಸು’ ಅಂದರು.

ಅದನ್ನೂ ಮಾಡಿದ್ದೆ. 60ಕ್ಕೂ ಜಾಸ್ತಿ ವ್ಯೂಗಳಲ್ಲಿ (ಪ್ಲಾನ್‌ನಂಥ ಒಂದೊಂದು ನೋಟ) ಒಂದೊಂದೇ ಗ್ರಿಡ್ ಆರಿಸಿ ಹೈಡ್ ಇನ್ ವ್ಯೂ, ಅಂದರೆ ಆ ವ್ಯೂನಲ್ಲಿ ಮಾತ್ರ ಮರೆಮಾಡುವುದು. ನಡುವೆ ಒಂದು ಸರ್ವಿಸ್ ಮಹಡಿ ಸೇರಿತು, ಹೊಸ ಪ್ಲಾನ್ ತೆರೆದರೆ ಎಲ್ಲ ಗ್ರಿಡ್ ಮತ್ತೆ ಹಾಜರ್, ಅವಸರದಲ್ಲಿ ಆ ಶೀಟ್ ಹಾಗೇ ಸೈಟಿಗೆ ಹೋಯಿತು. ಅಲ್ಲಿ ಪೋಡಿಯಂ ಗ್ರಿಡ್ಡನ್ನೇ ಟವರಿನದು ಅಂದುಕೊಂಡು ಕಾಲಮ್ ಗುರುತು ಹಾಕಿದರು. ಎರಡರ ನಡುವೆ ಇದ್ದದ್ದು 300 ಮಿಮೀ ಆಸುಪಾಸು. ಕಾಂಕ್ರೀಟ್‌ಗೆ ಮೊದಲೇ ಸಿಕ್ಕಿಬಿತ್ತು, ಆದರೆ ಶಟರಿಂಗ್ ಬಿಚ್ಚಿ ಕಟ್ಟಿದ ಖರ್ಚು ನಮ್ಮ ತಲೆಗೆ ಬಂತು. ಆ ಹಂತದ ಫೀಸಿನಲ್ಲಿ ಹತ್ತರಲ್ಲಿ ಒಂದು ಪಾಲು ಹೋಯಿತು. ನನ್ನ ಎಂಟೊಂಬತ್ತು ದಿನದ ಕೆಲಸಕ್ಕೆ ಬಿಲ್ಲೇ ಇಲ್ಲ.

ಆಮೇಲೆ ಎಲಿವೇಶನ್‌ನಲ್ಲಿ (ಕಟ್ಟಡದ ಎದುರು ನೋಟ) ಗ್ರಿಡ್ ತುದಿ ಹಿಡಿದು ಎಳೆದೆ. ಗ್ರಿಡ್ ಗೆರೆ ಮಹಡಿಯ ಎತ್ತರ ತೋರಿಸುವ ಲೆವೆಲ್ ಗೆರೆಯನ್ನು ದಾಟದಿದ್ದರೆ ಆ ಮಹಡಿಯ ಪ್ಲಾನ್‌ನಲ್ಲಿ ಬರುವುದಿಲ್ಲ, ಅಲ್ವಾ. ತುದಿಗಳನ್ನು ಒಂದಕ್ಕೊಂದು ಕಟ್ಟಿಡುವ ಬೀಗದ ಗುರುತು ಬಿಚ್ಚಲು ಮರೆತೆ, ಒಂದನ್ನು ಎಳೆದರೆ ಇಡೀ ಸಾಲೇ ಇಳಿಯಿತು. ತಿರುಗಿದ ಟವರಿನ ಗ್ರಿಡ್‌ಗಳಂತೂ ಯಾವ ಎಲಿವೇಶನ್‌ನಲ್ಲೂ ಕಾಣಲಿಲ್ಲ, ಅವುಗಳ ಕೋನಕ್ಕೇ ಎರಡು ಸೆಕ್ಷನ್ (ಕಟ್ಟಡ ಸೀಳಿದ ನೋಟ) ಹಾಕಬೇಕಾಯಿತು.

ಗೆದ್ದದ್ದು ಮೂರು ಸ್ಕೋಪ್ ಬಾಕ್ಸ್‌ನಿಂದ. ಪೋಡಿಯಂಗೆ ಒಂದು, ಟವರ್‌ಗಳಿಗೆ ಒಂದೊಂದು. ತಿರುಗಿದ ಟವರಿನ ಬಾಕ್ಸನ್ನು ಪ್ಲಾನ್‌ನಲ್ಲೇ ಅದೇ ಕೋನಕ್ಕೆ ತಿರುಗಿಸಿದೆ. ಬಾಕ್ಸಿನ ತಲೆ, ತಳ ಎರಡನ್ನೂ ಲೆವೆಲ್ ಗೆರೆಗೆ ತಾಗಿಸಿ ನಿಲ್ಲಿಸಲೇಬೇಡಿ. ನಾನು ಎರಡು ಲೆವೆಲ್‌ಗಳ ಮಧ್ಯಕ್ಕೆ, ಒಂದೂವರೆ ಮೀಟರ್ ಹತ್ತಿರ ನಿಲ್ಲಿಸಿದೆ. ಲೆವೆಲ್ 100 ಮಿಮೀ ಮೇಲೆ ಕೆಳಗೆ ಆದರೂ ಗ್ರಿಡ್ ಅಲುಗುವುದಿಲ್ಲ. ಟವರ್ ಕಾಲಮ್‌ಗಳ ಭಾರ ಪೋಡಿಯಂ ಕಾಲಮ್‌ಗಳಿಗೆ ದಾಟುವ ಟ್ರಾನ್ಸ್‌ಫರ್ ಮಹಡಿಯಲ್ಲಿ ಮಾತ್ರ ಪೋಡಿಯಂ ಬಾಕ್ಸೂ ಟವರ್ ಬಾಕ್ಸೂ ಒಂದರ ಮೇಲೊಂದು ಹಾಯಬೇಕು, ಅಲ್ಲಿ ಎರಡೂ ಗ್ರಿಡ್ ಕಾಣದಿದ್ದರೆ ಅಳತೆ ಕೊಡುವುದು ಎಲ್ಲಿಂದ?

ಇಷ್ಟಾದರೂ ಏಳೆಂಟು ವ್ಯೂ ಹಠ ಹಿಡಿದವು. ಬಬಲ್ (ಗ್ರಿಡ್ ಹೆಸರಿರುವ ತುದಿಯ ವೃತ್ತ) ಹಳೇ ಜಾಗದಲ್ಲೇ ನಿಂತಿತ್ತು. ಹಿಂದೆ ಯಾರೋ 2ಡಿ ಮಾಡಿದ್ದ, ಅಂದರೆ ಆ ವ್ಯೂಗೆ ಮಾತ್ರ ಬದಲಿಸಿದ್ದ ತುದಿಗಳು. ಮಾಡೆಲ್‌ನ ಅಳತೆಗೇ ಮರಳಿಸುವ ರೀಸೆಟ್ ಟು 3ಡಿ ಎಕ್ಸ್‌ಟೆಂಟ್ಸ್ ಕೊಟ್ಟೆ, ಸರಿಹೋಯಿತು. ಇನ್ನು ಕೆಲವು ವ್ಯೂಗಳಲ್ಲಿ ಬೇಕಾದ ಗ್ರಿಡ್ಡೇ ಇಲ್ಲ. ಹೈಡ್ ಆದದ್ದನ್ನು ತೋರಿಸುವ ಬಲ್ಬ್ ಗುರುತು ಒತ್ತಿ ನೋಡಿದರೆ ನಾನೇ ಹೈಡ್ ಮಾಡಿದ್ದವು ಸಾಲಾಗಿ ಕೆಂಪಗೆ ನಿಂತಿದ್ದವು. ಅವನ್ನೆಲ್ಲ ಬಿಡಿಸಲು ಅರ್ಧ ದಿನ ಹೋಯಿತು.

ನಡುವೆ ಫಿಲ್ಟರ್ ಕೂಡ ಪ್ರಯತ್ನಿಸಿದೆ. ಹೆಸರು ‘ಟಿ’ಯಿಂದ ಶುರುವಾಗುವ ಗ್ರಿಡ್ ಮರೆಮಾಡು ಅಂತ ವ್ಯೂ ಟೆಂಪ್ಲೇಟ್‌ಗೆ (ಹಲವು ವ್ಯೂಗಳಿಗೆ ಒಂದೇ ಸೆಟ್ಟಿಂಗ್ ಹಾಕುವ ಮಾದರಿ) ಹಾಕಿದೆ. ಗ್ರಿಡ್ ಹೋಯಿತು, ಅದಕ್ಕೆ ಕಟ್ಟಿದ್ದ ಡೈಮೆನ್ಶನ್ನೂ (ಅಳತೆ ಗೆರೆ) ಹೋಯಿತು. ಈಗ ಪ್ರೆಸೆಂಟೇಶನ್ ಶೀಟ್‌ಗಳಿಗೆ ಮಾತ್ರ ಬಳಸುತ್ತೇನೆ.

ಬಾಕ್ಸ್‌ಗಳಿಗೆ ನಾನು ಹೆಸರಿಡುವ ರೀತಿ, ಗ್ರಿಡ್‌ಗಳಿಗೆ ಬಾಕ್ಸ್‌ಗಳನ್ನು ಒಂದೇ ಸಲಕ್ಕೆ ಹಂಚುವ ಪುಟ್ಟ ಡೈನಮೊ (ರೆವಿಟ್ ಕೆಲಸ ತಾನಾಗೇ ಮಾಡಿಸುವ ಟೂಲ್) ಸ್ಕ್ರಿಪ್ಟ್, ಇವೆರಡು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊನ್ನೆ ನೇರ ಟವರ್‌ಗೆ ಎರಡು ಮಹಡಿ ಜಾಸ್ತಿ ಆಯಿತು. ಸೆಕ್ಷನ್‌ನಲ್ಲಿ ಬಾಕ್ಸಿನ ತಲೆ ಹಿಡಿದು ಮೇಲಕ್ಕೆತ್ತಿದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಸುಮ್ನೆ ಹೈಡ್ ಮಾಡು ಅಂದಿದ್ದವರು ಈಗ ನನ್ನ ಟೆಂಪ್ಲೇಟ್ ಫೈಲ್ ಕೇಳುತ್ತಿದ್ದಾರೆ.